ಟೈರ್ ಗುರುತು ಅಳಿಸೋರು

1/6
ಸತ್ತ ಗಿಡವನ್ನ ಯಾರಾದ್ರೂ ನೆಡ್ತಾರಾ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರೋ ಮೊಹಾವಿ ಮರುಭೂಮಿಯಲ್ಲಿ ನೆಡ್ತಾರೆ. ಸ್ವಯಂಸೇವಕರು ಗುಂಡಿ ತೋಡಿ, ಒಣಗಿದ ಕೊಂಬೆಗಳನ್ನ ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಮಣ್ಣು ಹಾಕಿ ತುಳೀತಾರೆ. ನೀರು ಮಾತ್ರ ಹಾಕಲ್ಲ. ಇದು ಹುಚ್ಚಲ್ಲ ಗೆಳೆಯರೇ, ಇದರ ಹಿಂದೆ ದೊಡ್ಡ ಇತಿಹಾಸ ಇದೆ. ಮುಂದೆ ಓದಿ 👇

2/6
1942. ಎರಡನೇ ಮಹಾಯುದ್ಧ. ಉತ್ತರ ಆಫ್ರಿಕಾದ ಮರಳಲ್ಲಿ ಹೋರಾಡೋಕೆ ಸೈನಿಕರನ್ನ ತಯಾರು ಮಾಡಬೇಕಿತ್ತು. ಜನರಲ್ ಜಾರ್ಜ್ ಪ್ಯಾಟನ್ ಇಲ್ಲೇ ತರಬೇತಿ ಕೇಂದ್ರ ತೆರೆದ. 1944ರಲ್ಲಿ ಅದು ಮುಚ್ಚಿತು. ಆದ್ರೆ ಆ ಟ್ಯಾಂಕುಗಳು ಓಡಾಡಿದ ಗುರುತು ಕೆಲವು ಕಡೆ ಇವತ್ತಿಗೂ ಕಾಣುತ್ತೆ!
ಯಾಕೆ ಅಂದ್ರೆ, ಅಲ್ಲಿನ ಮಣ್ಣಿನ ಮೇಲೆ ಸೂಕ್ಷ್ಮಜೀವಿ, ಪಾಚಿ, ಕಲ್ಲುಹೂವು ಸೇರಿ ಕಟ್ಟಿದ ತೆಳು ಪದರ ಇರುತ್ತೆ. ಮಣ್ಣು ಗಾಳಿಗೆ ಹಾರದಂತೆ ಹಿಡಿದಿಡೋದೇ ಅದು. ಚಕ್ರ ಹತ್ತಿದ್ರೆ ಪದರ ಒಡೆಯುತ್ತೆ, ಕೆಳಗಿನ ಮಣ್ಣು ಗಟ್ಟಿಯಾಗುತ್ತೆ. ನೀರು ಇಂಗಲ್ಲ, ಬೀಜ ಬೇರು ಬಿಡಲ್ಲ. ಮಳೆಯೂ ಅಪರೂಪ. ಹಾಗಾಗಿ ಗಾಯ ಮಾಯೋಕೆ ದಶಕಗಳೇ ಬೇಕು.

3/6
ಯುದ್ಧ ಮುಗೀತು, ಬೈಕುಗಳು ಬಂದವು. 1967ರಲ್ಲಿ ಬಾರ್‌ಸ್ಟೋ ಊರಿಂದ ಲಾಸ್ ವೇಗಾಸ್‌ವರೆಗೆ ಮರುಭೂಮಿ ರೇಸ್ ಶುರುವಾಯ್ತು. 1974ರ ಹೊತ್ತಿಗೆ ಸುಮಾರು 3,000 ಸವಾರರು! ನೆಲಕ್ಕಾದ ಹಾನಿ ನೋಡಿ 1975ರಲ್ಲಿ ಸರ್ಕಾರ ಅನುಮತಿ ಕೊಡಲಿಲ್ಲ. ಕೆಲವು ಸವಾರರು ಅನುಮತಿ ಇಲ್ಲದೇ ಪ್ರತಿಭಟನೆ ಅಂತ ಓಡಿಸಿದ್ರು. 1983ರಲ್ಲಿ ಮತ್ತೆ ಒಪ್ಪಿಗೆ ಸಿಕ್ತು, 1989ರದ್ದೇ ಕೊನೇ ರೇಸ್. ಮರುವರ್ಷವೇ ಅಲ್ಲಿನ ಮರುಭೂಮಿ ಆಮೆ ಅಪಾಯದಲ್ಲಿರೋ ಜೀವಿಗಳ ಪಟ್ಟಿ ಸೇರಿತು.
ಒಂದು ಮಾತು: ಆಫ್‌ರೋಡ್ ಓಡಿಸೋದೇ ಅಪರಾಧ ಅಲ್ಲ. ಅದಕ್ಕೆ ಅಂತ ಗುರುತಿಸಿದ ದಾರಿಗಳಿವೆ. ತಕರಾರು ಇರೋದು ಆ ದಾರಿ ಬಿಟ್ಟು ಇಳಿಯೋರ ಬಗ್ಗೆ.

4/6
1964ರ ವೈಲ್ಡರ್‌ನೆಸ್ ಕಾಯ್ದೆ ಪ್ರಕಾರ ಕೆಲವು ಕಾಡುಪ್ರದೇಶಗಳಿಗೆ ಮೋಟಾರು ವಾಹನ ಹೋಗೋ ಹಾಗಿಲ್ಲ. 1994ರ ಅಕ್ಟೋಬರ್ 31ರಂದು ಇನ್ನೊಂದು ಕಾಯ್ದೆ ಬಂತು. ಕ್ಯಾಲಿಫೋರ್ನಿಯಾ ಮರುಭೂಮಿಯ 69 ಹೊಸ ಪ್ರದೇಶಗಳಿಗೆ ಒಂದೇ ದಿನ ಈ ರಕ್ಷಣೆ ಸಿಕ್ತು.
ಗೆದ್ದಂಗೆ ಅಲ್ವಾ? ಇಲ್ಲ. ಕಾನೂನು ನಕ್ಷೆ ಮೇಲೆ ಗೆರೆ ಎಳೀತು. ನೆಲದ ಮೇಲಿದ್ದ ಹಳೇ ಗೆರೆಗಳು ಹಾಗೇ ಇದ್ವು. ರಸ್ತೆಯಲ್ಲಿ ಬರೋನಿಗೆ ಪಕ್ಕದಲ್ಲೊಂದು ಜಾಡು ಕಂಡ್ರೆ, "ಓ, ಇಲ್ಲೂ ದಾರಿ ಇದೆ" ಅಂತ ಗಾಡಿ ತಿರುಗಿಸ್ತಾನೆ. ಬೋರ್ಡ್ ಏನೇ ಹೇಳಲಿ, ಒಂದು ಜಾಡು ಇನ್ನೊಂದು ಗಾಡಿಯನ್ನ ಕರೆಯುತ್ತೆ.

5/6
ಇಲ್ಲಿ ವಿದ್ಯಾರ್ಥಿಗಳು ಬರ್ತಾರೆ. 1955ರಲ್ಲಿ ಎಲಿಜಬೆತ್ ಕುಶ್ಮನ್ ಅನ್ನೋ ಹುಡುಗಿ ತನ್ನ ಕಾಲೇಜು ಪ್ರಬಂಧದಲ್ಲಿ, ರಾಷ್ಟ್ರೀಯ ಉದ್ಯಾನಗಳ ಕೆಲಸಕ್ಕೆ ವಿದ್ಯಾರ್ಥಿ ಪಡೆ ಕಟ್ಟೋಣ ಅಂತ ಬರೆದಳು. 1957ರಲ್ಲಿ ಅದು ನಿಜವಾಯ್ತು. ಅದೇ ಸ್ಟೂಡೆಂಟ್ ಕನ್ಸರ್ವೇಶನ್ ಅಸೋಸಿಯೇಷನ್. ಮುಂದೆ ಅದರ ತಂಡಗಳು ಮೊಹಾವಿಯಲ್ಲಿ ಟೆಂಟ್ ಹಾಕಿ ಕೂತು ಜಾಡು ಅಳಿಸೋ ಕೆಲಸ ಮಾಡಿದ್ವು.
ವಾಹನ ನಿಷೇಧ ಇವರಿಗೂ ಅನ್ವಯ! ನಡೆದೇ ಹೋಗಬೇಕು. ಪಿಕಾಸಿ, ಸಲಿಕೆ, ರೇಕ್ ಇಷ್ಟೇ. ಗಟ್ಟಿ ಮಣ್ಣು ಸಡಿಲ ಮಾಡ್ತಾರೆ. ಮಳೆನೀರು, ಬೀಜ ನಿಲ್ಲೋಕೆ ಪುಟ್ಟ ಗುಂಡಿ ತೋಡ್ತಾರೆ. ಕಲ್ಲುಗಳನ್ನ ಮೊದಲಿಂದ ಅಲ್ಲೇ ಇದ್ದಂಗೆ ಅರ್ಧ ಹೂಳ್ತಾರೆ. ಆಮೇಲೆ ಒಣ ಕೊಂಬೆ ನೆಡ್ತಾರೆ. ಅದು ಗಾಳಿ ತಡೆಯುತ್ತೆ, ನೆರಳು ಕೊಡುತ್ತೆ, ಹಾರಿ ಬಂದ ಬೀಜ ಹಿಡಿಯುತ್ತೆ. ಮುಖ್ಯವಾಗಿ, ಜಾಡನ್ನ ಮುಚ್ಚುತ್ತೆ.

6/6
ಇಡೀ ಜಾಡನ್ನ ಹೀಗೆ ಮುಚ್ಚಲ್ಲ ಗೊತ್ತಾ? ರಸ್ತೆ ಮೇಲೆ ನಿಂತವರ ಕಣ್ಣಿಗೆ ಎಲ್ಲಿವರೆಗೆ ಕಾಣುತ್ತೋ ಸಾಮಾನ್ಯವಾಗಿ ಅಲ್ಲಿವರೆಗೆ ಮಾತ್ರ. ಆಚೆಗಿರೋದನ್ನ ಮಳೆಗೆ, ಕಾಲಕ್ಕೆ ಬಿಡ್ತಾರೆ. ಮರುಭೂಮಿಯನ್ನ ಮತ್ತೆ ಬೆಳೆಸೋದು ಮನುಷ್ಯರ ಕೈಲಿಲ್ಲ, ಮುಂದಿನ ಗಾಡಿ ಬರದಂಗೆ ನೋಡ್ಕೋಬಹುದು ಅಷ್ಟೇ. ಕೆಲಸ ಚೆನ್ನಾಗಾದ್ರೆ ಅಲ್ಲಿ ಕೆಲಸ ನಡೆದಿದೆ ಅಂತಲೇ ಯಾರಿಗೂ ತಿಳಿಯಲ್ಲ.
ನಾವೂ ಬೆಟ್ಟಕ್ಕೆ ಹೋಗ್ತೀವಿ, ಫೋಟೋ ಹಾಕ್ತೀವಿ. ಹುಲ್ಲಿನ ಮೇಲೆ ಹೊಸದಾಗಿ ಮೂಡಿದ ಜೀಪ್ ಜಾಡಿನ ಫೋಟೋಗೆ ಲೊಕೇಶನ್ ಹಾಕಿದ್ರೆ ಅದೂ ಒಂದು ಕರೆಯೇ. ಪೋಸ್ಟ್ ಮಾಡೋ ಮುಂಚೆ ಯೋಚಿಸಿ.

ನಿಮ್ಮೂರ ಹತ್ತಿರ ಇಂಥ ಜಾಡು ನೋಡಿದ್ದೀರಾ? ಜಾಗದ ಹೆಸರು ಬೇಡ, ಏನಾಗಿದೆ ಅಂತ ಮಾತ್ರ ಬರೀರಿ 🌵

#ಇತಿಹಾಸ #ಮೊಹಾವಿ #ಕನ್ನಡದಲ್ಲಿ_ಓದಿ