ರಾಜಭೋಜನದ ಬಟ್ಟಲು ಯಾರ ಆವಿಗೆಯದು? ಮೈಸೂರು, ಸೆವ್ರ್, ಮಸ್ಕತ್

ಸರ್ಕಾರಿ ಔತಣದ ತಟ್ಟೆ, ಬಟ್ಟಲುಗಳ ಅಧ್ಯಯನ ಸಾಮಾನ್ಯವಾಗಿ ಅವುಗಳ ಮೇಲಿನ ಲಾಂಛನದಿಂದ ಶುರುವಾಗುತ್ತದೆ. ಅವು ಯಾರ ಆವಿಗೆಯಲ್ಲಿ ಸುಟ್ಟವು ಎಂಬ ಪ್ರಶ್ನೆಯನ್ನು ಅದಕ್ಕೂ ಮೊದಲು ಕೇಳಬೇಕು ಎಂಬುದು ಈ ಲೇಖನದ ವಾದ.

ಸೆವ್ರ್ ಪಿಂಗಾಣಿ ಕಾರ್ಖಾನೆಯನ್ನು ಫ್ರಾನ್ಸಿನ ಹದಿನೈದನೆಯ ಲೂಯಿ 1759ರಲ್ಲಿ ತನ್ನ ವಶಕ್ಕೆ ತೆಗೆದುಕೊಂಡ. ಅಂದಿನಿಂದ ಅಲ್ಲಿನ ಪಾತ್ರೆ ಊಟಕ್ಕಷ್ಟೇ ಅಲ್ಲ, ರಾಜತಂತ್ರಕ್ಕೂ ಒದಗಿತು. ಇದರ ಸ್ವಾರಸ್ಯಕರ ಉದಾಹರಣೆ ನಮ್ಮ ಶ್ರೀರಂಗಪಟ್ಟಣದ್ದೇ. ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೈನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಅವರು ಬಯಸಿ ಹೋದದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು, ಜೊತೆಗೆ ಒಂದಷ್ಟು ಕುಶಲಕರ್ಮಿಗಳು. ಆರೇ ದಿನಕ್ಕೆ, ಆಗಸ್ಟ್ 16ರಂದು, ಫ್ರೆಂಚ್ ಖಜಾನೆ ತನ್ನ ಪಾವತಿಗಳನ್ನೇ ನಿಲ್ಲಿಸಿತು. ಸೈನ್ಯ ಬರಲಿಲ್ಲ, ಸೆವ್ರ್ ಪಿಂಗಾಣಿಯ ಉಡುಗೊರೆ ಬಂತು. ಕೈ ಖಾಲಿಯಿದ್ದರೂ ದೊರೆತನ ಉಳಿಸಿಕೊಳ್ಳಲು ಸ್ವಂತ ಆವಿಗೆಗಿಂತ ಅಗ್ಗದ ಸಾಧನ ಇನ್ನಾವುದಿತ್ತು? ಕಾರ್ಖಾನೆಯ ಚಿತ್ರಕಾರ ಅಸ್ಲಾಂ ಅದೇ ವರ್ಷ ಸಾಂ-ಕ್ಲೂ ಉದ್ಯಾನದಲ್ಲಿ ಜನಜಂಗುಳಿಯ ನಡುವೆ ನಿಂತ ಆ ರಾಯಭಾರಿಗಳನ್ನು ಚಿತ್ರಿಸಿದ. ಸೈನ್ಯ ಕೇಳಹೋದವರು ಪಿಂಗಾಣಿ ಕಾರ್ಖಾನೆಗೇ ವಸ್ತುವಾದರು.

ಮೈಸೂರು ಸಂಸ್ಥಾನಕ್ಕೆ ತನ್ನದೇ ಪಿಂಗಾಣಿ ಕಾರ್ಖಾನೆ ದಕ್ಕಿದ್ದು 1930ರ ದಶಕದಲ್ಲಿ, ಬೆಂಗಳೂರಿನಲ್ಲಿ. ಆ ಹೊತ್ತಿಗೆ ಗಂಡಭೇರುಂಡದ ತಟ್ಟೆಗಿಂತ ವಿದ್ಯುತ್ ಕಂಬದ ಇನ್ಸುಲೇಟರ್ ಮುಖ್ಯವಾಗಿತ್ತು. ಶಿವನಸಮುದ್ರದ ವಿದ್ಯುತ್ತು 1902ರಿಂದಲೇ ಕೋಲಾರದ ಗಣಿಗಳಿಗೆ ಹರಿಯುತ್ತಿದ್ದ ನಾಡು ಅದು. ಮುಂದೆ ಆ ಕಾರ್ಖಾನೆ ಬಿಎಚ್‌ಇಎಲ್‌ಗೆ ಸೇರಿತು.

ಟಿಪ್ಪುವಿನ ವ್ಯಾಪಾರದ ಕೋಠಿ ಇದ್ದ ಮಸ್ಕತ್ ಈ ವಾದವನ್ನು ಬೇರೆ ದಿಕ್ಕಿಗೆ ಎಳೆಯುತ್ತದೆ. ಒಮಾನಿನ ಬಹ್ಲಾದ ಕುಂಬಾರಿಕೆ ಹೆಸರುವಾಸಿ. ಆದರೆ ಪಿಂಗಾಣಿ ಅಲ್ಲಿಗೆ ಕಡಲ ದಾರಿಯಲ್ಲೇ ಬಂತು. ಹಳೆಯ ಮಸೀದಿಗಳ ಮಿಹ್ರಾಬಿನ (ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡಿನ) ಗಾರೆಯಲ್ಲಿ ಚೀನೀ ಬಟ್ಟಲುಗಳನ್ನು ಹುದುಗಿಸಿದ್ದನ್ನು ಇಂದಿಗೂ ನೋಡಬಹುದು. ಹೊರಗಿನ ಬಟ್ಟಲನ್ನು ತಮ್ಮದಾಗಿಸಿಕೊಳ್ಳುವ ಕೆಲಸವನ್ನು ಒಮಾನಿಗಳು ಬಡಿಸುವ ಕ್ರಮದಿಂದ ಮಾಡಿದರು. ಹಿಡಿಯಿಲ್ಲದ ಪುಟ್ಟ ಬಟ್ಟಲು, ಫಿಂಜಾನ್. ಎಡಗೈಯಲ್ಲಿ ದಲ್ಲಾ ಎಂಬ ಕಾಫಿ ಹೂಜಿ, ಬಲಗೈಯಲ್ಲಿ ಬಟ್ಟಲು. ಕಾಲುಭಾಗ ಮಾತ್ರ ಕಾಫಿ. ಹಿರಿಯರಿಗೆ ಅಥವಾ ಮುಖ್ಯ ಅತಿಥಿಗೆ ಮೊದಲು. ಸಾಕೆನಿಸಿದವರು ಖಾಲಿ ಬಟ್ಟಲನ್ನು ಅಲ್ಲಾಡಿಸಿ ಹಿಂತಿರುಗಿಸುತ್ತಾರೆ, ಬಾಯಿ ಬಿಡಬೇಕಿಲ್ಲ. ಈ ಕಾಫಿ ಸಂಪ್ರದಾಯವನ್ನು ಯುನೆಸ್ಕೊ 2015ರಲ್ಲಿ ಒಮಾನ್, ಸೌದಿ ಅರೇಬಿಯಾ, ಯುಎಇ ಮತ್ತು ಕತಾರ್‌ಗಳ ಜಂಟಿ ಪರಂಪರೆಯಾಗಿ ಪಟ್ಟಿಗೆ ಸೇರಿಸಿತು.

ವಿನ್ಯಾಸದ ಚರಿತ್ರೆಗೆ ಇದು ತುಸು ತೊಡಕಿನ ಸಂಗತಿ. ಶೇಖ್‌ಗಳ ಮಜ್ಲಿಸ್‌ಗೂ ಮಸ್ಕತ್ತಿನ ಅಲ್ ಅಜೈಬಾದ ಒಂದು ಮನೆಯ ಚಾವಡಿಗೂ ಬಟ್ಟಲಿನ ಆಕಾರ ಒಂದೇ, ಸುರಿಯುವ ಅಳತೆಯೂ ಒಂದೇ. ಹಾಗಾಗಿ ತಳದ ಮುದ್ರೆ, ಅಂಚಿನ ಚಿನ್ನದ ಗೆರೆಗಳನ್ನು ನೋಡಿ ಪಾತ್ರೆಯ ಅಂತಸ್ತು ನಿರ್ಧರಿಸುವ ಸೆವ್ರ್ ಮಾದರಿಯ ವರ್ಗೀಕರಣ ಒಮಾನಿಗೆ ಹೊಂದದು. ಅಲ್ಲಿ ದಾಖಲಿಸಬೇಕಾದದ್ದು ಯಾರಿಗೆ ಮೊದಲು ಸುರಿದರು, ಎಷ್ಟು ಸುರಿದರು, ಯಾವ ಕೈಯಿಂದ ಕೊಟ್ಟರು ಎಂಬುದನ್ನು.