ಅಂಗೈಯಲ್ಲಿ ಜಿಗಿದ ಕಾರ್ಟೂನು

ಏಣಿ ಹತ್ತಿ, ಹಳ್ಳ ಜಿಗಿದು, ಅಟ್ಟದಿಂದ ಅಟ್ಟಕ್ಕೆ ಹಾರುವ ಪ್ಲಾಟ್‌ಫಾರ್ಮ್ ಆಟಗಳ ಮೂಲ ಹುಡುಕಿದರೆ ಅಲ್ಲಿ ಒಬ್ಬ ಕಾರ್ಟೂನ್ ನಾಯಕನೇ ಎದುರಾಗುತ್ತಾನೆ. ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಪಾಪಾಯ್‌ನನ್ನು ಇಟ್ಟುಕೊಂಡು ಆಟ ಕಟ್ಟಲು ಹೊರಟಿದ್ದರು. ಹಕ್ಕು ಆಗ ಸಿಗಲಿಲ್ಲ. ಪಾಪಾಯ್ ಜಾಗಕ್ಕೆ ಬಡಗಿ, ಅವನ ವೈರಿ ಬ್ಲೂಟೋ ಜಾಗಕ್ಕೆ ಗೊರಿಲ್ಲ ಬಂದು 1981ರಲ್ಲಿ ‘ಡಾಂಕಿ ಕಾಂಗ್’ ಹುಟ್ಟಿತು. ಆ ಬಡಗಿಯೇ ಮುಂದೆ ಮಾರಿಯೋ ಆದ.

ಅದೇ ವರ್ಷ ಮಿಕ್ಕಿ ಮೌಸ್, ಪಾಪಾಯ್ ಇಬ್ಬರೂ ‘ಗೇಮ್ ಅಂಡ್ ವಾಚ್’ ಎಂಬ ನಿಂಟೆಂಡೊದ ಪುಟ್ಟ ಯಂತ್ರದಲ್ಲಿ ಅಂಗೈಗೆ ಬಂದರು. ಆದರೆ ಅದರ ಗಾಜಿನಲ್ಲಿ ಚಿತ್ರಗಳು ಮೊದಲೇ ಅಚ್ಚಾಗಿದ್ದವು. ಗೊಂಬೆ ಇಲ್ಲಿ ಆರಿ ಅಲ್ಲಿ ಮಿನುಗುತ್ತಿತ್ತು, ಅಷ್ಟೆ. 1982ರಲ್ಲಿ ಅದೇ ಕಂಪನಿಯ ಗುನ್‌ಪೇ ಯೊಕೊಯಿ ಕೂಡಿಸುವ ಚಿಹ್ನೆಯ ಆಕಾರದ ಬಟನ್ ತಂದರು. 1989ರಲ್ಲಿ ಬಂದ ಗೇಮ್ ಬಾಯ್‌ನಲ್ಲಿ ನಾಲ್ಕು ಸೆಲ್ಲು, 160 ಅಡ್ಡ 144 ಚುಕ್ಕೆಗಳ ಪರದೆ, ನಾಲ್ಕೇ ಛಾಯೆ. ಗೊಂಬೆಗೆ ನಿಜವಾದ ಜಿಗಿತ ಬಂದದ್ದು ಇಲ್ಲಿ.

ಆ ಪರದೆಯ ಮೇಲೆ ನನಗೆ ಇಂದಿಗೂ ಮಾದರಿಯೆನಿಸುವುದು ಕ್ಯಾಪ್‌ಕಾಮ್ 1990ರಲ್ಲಿ ಗೇಮ್ ಬಾಯ್‌ಗೆ ತಂದ ‘ಡಕ್‌ಟೇಲ್ಸ್’. ನಮ್ಮವರಿಗೆ ದೂರದರ್ಶನದ ಭಾನುವಾರಗಳಲ್ಲಿ ಹಿಂದಿಯಲ್ಲಿ ಪರಿಚಯವಾದ ಜಿಪುಣ ಬಾತುಕೋಳಿ ಸ್ಕ್ರೂಜ್ ಇದರ ನಾಯಕ. ಅವನ ಊರುಗೋಲೇ ಆಟದ ಜೀವ. ಹಾರಿ, ಕೋಲನ್ನು ಕೆಳಮುಖ ಮಾಡಿದರೆ ಅದರ ಮೇಲೆಯೇ ಪುಟಿಯುತ್ತಾನೆ: ಮುಳ್ಳಿನ ಮೇಲೆ, ವೈರಿಯ ತಲೆಯ ಮೇಲೆ. ಹಿಮಾಲಯದ ಹಂತದಲ್ಲಿ ಮಾತ್ರ ಹಿಮಕ್ಕೆ ಕೋಲು ಹೂತು ಮುದುಕ ಸಿಕ್ಕಿಬೀಳುತ್ತಾನೆ. ಕಾರ್ಟೂನಿನಲ್ಲಿ ಕೈಯಲ್ಲಿದ್ದ ಒಂದು ವಸ್ತು ಆಟದ ನಿಯಮವೇ ಆಗಿಬಿಟ್ಟಿತು. ಮುಂದೆ ಬಂದ ಎಷ್ಟೋ ಆಟಗಳು ಜನಪ್ರಿಯ ಮುಖವೊಂದನ್ನು ಹಳೆಯ ಜಿಗಿತಕ್ಕೆ ಅಂಟಿಸಿ ಸುಮ್ಮನಾದವು. ‘ಪವರ್‌ಪಫ್ ಗರ್ಲ್ಸ್’ನ ಮೂವರು ಅಕ್ಕತಂಗಿಯರನ್ನು 2000ದ ಹೊತ್ತಿಗೆ ಗೇಮ್ ಬಾಯ್ ಕಲರ್‌ನ ಮೂರು ಬೇರೆ ಬೇರೆ ಕ್ಯಾಸೆಟ್‌ಗಳಿಗೆ ಹಂಚಿದ್ದಂತೂ ವ್ಯಾಪಾರದ ಲೆಕ್ಕ.

ಇತ್ತ ಕಲಬುರಗಿಯ ಕಡೆಗೆ ಗೇಮ್ ಬಾಯ್ ಬಂದದ್ದು ತೀರ ಅಪರೂಪ. ಶರಣಬಸವೇಶ್ವರ ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ‘ವಿಡಿಯೋ ಗೇಮ್’ ಎಂದರೆ ಇಟ್ಟಿಗೆ ಜೋಡಿಸುವ ಅಗ್ಗದ ಡಬ್ಬಿ. ಶರಣಸಿರಸಗಿಯಂಥ ಊರಿನ ಹುಡುಗರ ಕೈಗೆ ನಿಲುಕುತ್ತಿದ್ದದ್ದೂ ಅದೇ. ಕಾರ್ಟೂನು ಟಿವಿಯಲ್ಲಿ, ಆಟ ಕೈಯಲ್ಲಿ, ಎರಡೂ ಕೂಡಲಿಲ್ಲ. 2009ರಲ್ಲಿ ಮಕ್ಕಳ ಚಾನೆಲ್ ಚಿಂಟು ಟಿವಿ ಬಂದ ಮೇಲೆ ಕಾರ್ಟೂನುಗಳು ಕನ್ನಡ ಮಾತಾಡಿದವು. ಆಟಗಳು ಮಾತಾಡಲಿಲ್ಲ.

ಕಾರ್ಟೂನು, ಆಟ ಎರಡನ್ನೂ ಕೂಡಿಸಿದ್ದು ಮೊಬೈಲು. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ‘ಛೋಟಾ ಭೀಮ್’ 2008ರಲ್ಲಿ ಪೋಗೊ ಚಾನೆಲ್‌ನಲ್ಲಿ ಶುರುವಾಗಿ, ಆಮೇಲೆ ಫೋನಿನ ಆಟಗಳಿಗೆ ಇಳಿದ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಇಂಥ ಆಟಗಳು ಹಳ್ಳಿಗೂ ಸಲೀಸಾಗಿ ಬಂದವು. ಆದರೆ ನುಣುಪು ಗಾಜಿನ ಮೇಲೆ ಬೆರಳಿಗೆ ಬಟನ್ನಿನ ಹಿಡಿತವಿಲ್ಲ. ಹಾಗಾಗಿ ನಾಯಕ ತಾನಾಗಿಯೇ ಓಡುತ್ತಿರುತ್ತಾನೆ, ಮಗು ಬೆರಳು ಸರಿಸುತ್ತದೆ. ಎಲ್ಲಿ ನಿಲ್ಲಬೇಕು, ಯಾವಾಗ ಹಾರಬೇಕು ಎಂದು ಅಳೆಯುವ ಸುಖ ಅಲ್ಲಿ ಕಳೆದುಹೋಯಿತು. ಇದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಆಟ ಕಟ್ಟುವ ಕಸುಬಿಗೇನೂ ನಮ್ಮಲ್ಲಿ ಬರವಿಲ್ಲ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಿಂದಲೇ ಆಟಗಳ ಕೆಲಸದಲ್ಲಿತ್ತು. ಉಡುಪಿಯ 99ಗೇಮ್ಸ್ 2013ರಲ್ಲಿ ‘ಧೂಮ್ 3’ ಸಿನಿಮಾವನ್ನೇ ಫೋನಿನ ಆಟ ಮಾಡಿತು. ಪ್ಲಾಟ್‌ಫಾರ್ಮ್ ಆಟಕ್ಕೆ ಹೇಳಿ ಮಾಡಿಸಿದ ನೆಲವೂ ಇದೆ: ಕಲಬುರಗಿ ಕೋಟೆಯ ಬುರುಜುಗಳು, ಶಹಾಬಾದಿನ ಪದರ ಪದರ ಕಲ್ಲುಗಣಿಗಳು. ಬೇಕಿರುವುದು ಈ ಸೀಮೆಯ ಮಾತಾಡುವ ಕಾರ್ಟೂನ್ ಸರಣಿ, ಮತ್ತು ಅದರ ಮೊದಲ ಕಂತು ಬರೆಯುವಾಗಲೇ ನಾಯಕ ಹೇಗೆ ಜಿಗಿಯಬೇಕೆಂದು ಯೋಚಿಸುವ, ಆಟ ಕಟ್ಟಬಲ್ಲ ಒಬ್ಬ ಕಸುಬುದಾರ.