ಪಾರಸಿಕರ ಉಪಚಾರ: ಆಡುವ ಮಾತು, ಅದರ ಇಂಗಿತ

ಮುಂಬಯಿಯಲ್ಲಿ ನೆಲೆಸಿದ ನಮಗೆ ಇರಾನಿ ಎಂದೊಡನೆ ನೆನಪಾಗುವುದು ಚಹಾ ಮತ್ತು ಬನ್-ಮಸ್ಕಾ. ಆ ಹೋಟೆಲುಗಳ ಹಿರಿಯರು ಬಿಟ್ಟುಬಂದ ನಾಡಿನ ನಡೆನುಡಿಗಳ ಬಗ್ಗೆ ನಾವು ತಿಳಿದಿರುವುದು ಅಲ್ಪವೇ. ಹೊರಗಿನಿಂದ ಬಂದವರನ್ನು ಶತಮಾನಗಳಿಂದ ಮೆಚ್ಚಿಸಿದ, ಅಷ್ಟೇ ಪೇಚಿಗೂ ಸಿಕ್ಕಿಸಿದ ಆ ಶಿಷ್ಟಾಚಾರಕ್ಕೆ ಪಾರಸಿಯಲ್ಲಿ 'ತಾರೋಫ್' ಎಂದು ಹೆಸರು.

ಅಂಗಡಿಯಲ್ಲಿ ಬೆಲೆ ಕೇಳಿದರೆ ವ್ಯಾಪಾರಿಯು 'ನಿಮ್ಮ ಮುಂದೆ ಇದೇನು ಮಹಾ, ಇರಲಿ' ಎನ್ನುವುದುಂಟು. ಹಾಗೆಂದು ಸಾಮಾನು ಎತ್ತಿಕೊಂಡು ಹೊರಟರೆ ಅನರ್ಥ! ಮತ್ತೆ ಕೇಳಬೇಕು, ಆಗ ಬೆಲೆ ಹೇಳುತ್ತಾನೆ. ಅತಿಥಿ ತಿಂಡಿಯನ್ನು ಮೊದಲ ಸಲ ಬೇಡವೆನ್ನುವುದು ಮರ್ಯಾದೆ; ಮತ್ತೆ ಮತ್ತೆ ಒತ್ತಾಯಿಸುವುದು ಮನೆಯವರ ಧರ್ಮ. ಬಾಗಿಲಲ್ಲಿ ಇಬ್ಬರು ಎದುರಾದರೆ 'ತಾವು ಮೊದಲು' ಎಂಬ ಉಪಚಾರ ಬೇಗ ಮುಗಿಯದು. ದುಡಿಯುವವನಿಗೆ 'ದಣಿವಾಗದಿರಲಿ', ಬಡಿಸಿದವರಿಗೆ 'ನಿಮ್ಮ ಕೈ ನೋಯದಿರಲಿ' ಎಂದು ಹಾರೈಕೆ. ಬೆನ್ನು ತಿರುಗಿಸಿ ಕುಳಿತದ್ದಕ್ಕೆ ಯಾರಾದರೂ ಕ್ಷಮೆ ಕೇಳಿದರೆ, 'ಹೂವಿಗೆ ಹಿಂದು ಮುಂದು ಉಂಟೆ?' ಎಂಬ ಉತ್ತರ ಸಿದ್ಧ.

ಇದನ್ನು ಕಂಡ ಪರದೇಶೀಯರು ಏನೆಂದರು? ಫ್ರಾನ್ಸಿನ ರತ್ನವ್ಯಾಪಾರಿ ಶಾರ್ದಾಂ (1643–1713) ಇಸ್ಫಹಾನ್ ನಗರದಲ್ಲಿ ವರ್ಷಗಟ್ಟಲೆ ಇದ್ದು ಭಾಷೆ ಕಲಿತ. ಪಾರಸಿಕರ ಸೌಜನ್ಯವನ್ನು ಹೊಗಳಿದ; ಅವರು ಮುಖಸ್ತುತಿ ಮಾಡುವವರು, ಸುಳ್ಳಾಡುವವರು ಎಂದೂ ಬರೆದ. ಬ್ರಿಟಿಷ್ ರಾಯಭಾರದಲ್ಲಿದ್ದ ಜೇಮ್ಸ್ ಮೋರಿಯರ್ 1824ರಲ್ಲಿ 'ಹಾಜಿ ಬಾಬಾ' ಕಾದಂಬರಿ ಬರೆದು ಆ ಜನರನ್ನು ನಗೆಪಾಟಲು ಮಾಡಿದ. 1895ರ ಆವೃತ್ತಿಗೆ ಮುನ್ನುಡಿ ಬರೆದವರು ಮುಂದೆ ನಮ್ಮ ದೇಶದ ವೈಸರಾಯರಾದ ಕರ್ಜನ್. ಒಬ್ಬನ ವಿಡಂಬನೆ ಹೀಗೆ ಆಳುವವರ ಪುಸ್ತಕದ ಕಪಾಟನ್ನು ಸೇರಿತು. 1907ರಲ್ಲಿ ಬ್ರಿಟನ್ ಮತ್ತು ರಷ್ಯಾ, ಇರಾನನ್ನು ಕೇಳದೆಯೇ, ಆ ದೇಶವನ್ನು ತಮ್ಮ ಪ್ರಭಾವವಲಯಗಳಾಗಿ ಹಂಚಿಕೊಂಡವು. ನಗೆಪಾಟಲಾದವರ ಮಾತಿಗೆ ಬೆಲೆ ಕೊಡುವವರಾರು?

ಇದಕ್ಕೆ ಎದುರಾಗಿ ನಿಂತವರು ಕೇಂಬ್ರಿಜ್‌ನ ಎಡ್ವರ್ಡ್ ಬ್ರೌನ್. ವೈದ್ಯಶಾಸ್ತ್ರ ಓದಿದ ಇವರು ಪಾರಸಿಯನ್ನು ಮೊದಲು ಕಲಿತು, 1887–88ರಲ್ಲಿ ಆ ನಾಡನ್ನು ಸುತ್ತಿದರು. ಜನರೊಡನೆ ಕುಳಿತು ಉಂಡರು, ಚರ್ಚಿಸಿದರು. 1893ರಲ್ಲಿ ಪ್ರವಾಸಕಥನ ಬರೆದರು. ಮುಂದೆ ಇರಾನಿನ ಸಂವಿಧಾನ ಚಳವಳಿಯ ಪರವಾಗಿ ತಮ್ಮ ಸರ್ಕಾರದ ಧೋರಣೆಯನ್ನೇ ಖಂಡಿಸಿದರು.

ಭಾಷೆ ಶಾರ್ದಾಂಗೂ ತಿಳಿದಿತ್ತು. ಭಾಷೆಯ ಜೊತೆಗೆ ವಿಶ್ವಾಸವೂ ಇದ್ದರೆ ಉಪಚಾರವು ಸುಳ್ಳಾಗಿ ಕಾಣದು. ಬಂದ ನೆಂಟರು ಹೊರಡುವಾಗ ನಾವು 'ಹೋಗಿ' ಎನ್ನುತ್ತೇವೆಯೆ? 'ಹೋಗಿ ಬನ್ನಿ' ಎನ್ನುತ್ತೇವೆ. ಅವರು 'ಬರ್ತೀವಿ' ಎಂದೇ ಹೊರಡುತ್ತಾರೆ. ಕನ್ನಡವರಿಯದ ನೆರೆಯವರು ಇದನ್ನು ಅಕ್ಷರಶಃ ತೆಗೆದುಕೊಂಡರೆ, ಮರುದಿನ ನಮ್ಮನ್ನು ಸುಳ್ಳುಗಾರರೆನ್ನಬಹುದು! ತಾರೋಫ್ ಎಂಬುದು ಅರಬ್ಬಿ ಮೂಲದ ಶಬ್ದ. ಅದರ ಮೂಲಾರ್ಥ ಪರಸ್ಪರ ಪರಿಚಯ. ಪರನಾಡಿನಲ್ಲಿ ಬಾಳುವ ನಮಗೂ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ: ನೆರೆಯವರ ನಡೆಗೆ ಹೆಸರಿಡುವ ಮುನ್ನ ಪರಿಚಯವಾಗಲಿ.